ವಾಲ್ಟರನ ಕುರಿಮರಿಗಳಿಗೆ ಕಾಗೆ ಕಾದ ಕರಬಸಪ್ಪ

ಹಡರ್ಸ್‌ಫೀಲ್ಡಿನ ಉಣ್ಣೆ ಗಿರಣಿ ೧೯೯೮ರಲ್ಲಿ ಮುಚ್ಚಿದಾಗ ಕರಬಸಪ್ಪನವರಿಗೆ ಐವತ್ತಾರು. ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಮಗ್ಗ ರಿಪೇರಿ ಕಲಿತು ಇಂಗ್ಲೆಂಡಿಗೆ ಬಂದವರು, ಇಲ್ಲಿ ಇಪ್ಪತ್ತೇಳು ವರ್ಷ ಅದನ್ನೇ ಮಾಡಿದ್ದರು. ಈಗ ಬೆಳಿಗ್ಗೆ ಎದ್ದು ಬೂಟು ಹಾಕಿಕೊಳ್ಳುವರು. ಹೋಗಲು ಜಾಗವಿಲ್ಲವೆಂಬುದು ನೆನಪಾಗಿ ಮತ್ತೆ ಬಿಚ್ಚುವರು.

ಮರುವರ್ಷ ಜನವರಿಯಲ್ಲಿ ವಾಲ್ಟರ್ ಹಿಂಚ್‌ಲಿಫ್ ಫೋನ್ ಮಾಡಿದ. ಗಿರಣಿಯ ಹಳೇ ಜೊತೆಗಾರ. ಊರ ಮೇಲಿನ ಗುಡ್ಡದಲ್ಲಿ ಅರವತ್ತು ಕುರಿ ಸಾಕಿದ್ದ. ಸಂಧಿವಾತದಿಂದ ಬೆರಳು ಸೊಟ್ಟಗಾಗಿ ಟ್ರಿಗರ್ ಎಳೆಯಲಾಗದೆ, ಮರಿ ಹಾಕುವ ಕಾಲಕ್ಕೆ ಕಾಗೆ ಹೊಡೆಯಲು ಒಬ್ಬರು ಬೇಕೆಂದ.

"ಕೊರಳಾಗೆ ಲಿಂಗ, ಕೈಯಾಗೆ ಬಂದೂಕಾ? ಏನ್ರೀ ಇದು?" ಎಂದರು ಹೆಂಡತಿ ಶಕುಂತಲಾ.

"ಮನ್ಯಾಗೆ ಕುಂತು ಸಾಕಾಗೈತೆ ಕಣೇ," ಎಂದರು ಕರಬಸಪ್ಪ. ಪೊಲೀಸರು ಮನೆಗೆ ಬಂದು ವಿಚಾರಿಸಿ ಲೈಸೆನ್ಸ್ ಕೊಟ್ಟರು.

ಅದು ವಾಲ್ಟರನ ಅಪ್ಪನ ಕಾಲದ ಜೋಡಿ ನಳಿಗೆ ಬಂದೂಕು. ಎರಡೂ ಫುಲ್ ಚೋಕ್: ನಳಿಗೆಯ ತುದಿ ಕಿರಿದು, ಸಿಡಿಯುವ ಸಣ್ಣ ಸೀಸದ ಕಾಳು, ಅಂದರೆ ಚರೆ, ಬೇಗ ಹರಡುವುದಿಲ್ಲ. ವಾಲ್ಟರ್ ಕೊಟ್ಟಿಗೆಯ ಗೋಡೆಗೆ ಕಾಗದ ಅಂಟಿಸಿ ಹೊಡೆಸಿ ತೋರಿಸಿದ. ಚರೆಯ ತೂತುಗಳು ಇಪ್ಪತ್ತು ಹೆಜ್ಜೆಯಿಂದ ಊಟದ ತಟ್ಟೆಯಗಲ, ನಲವತ್ತರಿಂದ ದೊಡ್ಡ ಮೊರದಗಲ.

"ಹತ್ತಿರದ ಮೊಲಕ್ಕೆ ಹೊಡೆದರೆ ತಿನ್ನೋಕೆ ಏನೂ ಉಳಿಯಲ್ಲ. ಕಾಗೆ ಹತ್ತಿರ ಬರಲ್ಲ, ಅದಕ್ಕೇ ಇದು ಸರಿ. ಆದರೆ ಗುರಿ ಗೇಣು ತಪ್ಪಿದರೂ ಹೋಯಿತು," ಎಂದ.

ಎರಡು ವಾರ ಗುರಿ ತಪ್ಪಿತು. ಕಲ್ಲುಗೋಡೆಯ ಹಿಂದೆ ಕೂತು ಕೂತು ಮಂಡಿ ಹಿಡಿಯಿತು, ಭುಜ ಕಂದಿತು. ಒಂದು ಬೆಳಿಗ್ಗೆ, ಆಗತಾನೇ ಹುಟ್ಟಿದ ಮರಿಯ ಎರಡೂ ಕಣ್ಣನ್ನು ಕಾಗೆ ಕುಕ್ಕಿ ತೆಗೆದಿತ್ತು. ಮರಿ ಇನ್ನೂ ತಾಯಿಯ ಕೆಚ್ಚಲು ಹುಡುಕುತ್ತಿತ್ತು. ಕರಬಸಪ್ಪ ಅದನ್ನು ಎತ್ತಿಕೊಂಡು ಹೋಗಿ ಕೊಟ್ಟರು; ವಾಲ್ಟರ್ ಕೊಟ್ಟಿಗೆಯ ಹಿಂದೆ ಹೋಗಿ ಅದರ ಸಂಕಟ ಮುಗಿಸಿದ.

ಅದೇ ದಿನ ದೂರದ ಗೇಟಿನ ಮೇಲೆ ಕೂತಿದ್ದ ಕಾಗೆ ಒಂದೇ ಈಡಿಗೆ ಬಿತ್ತು. ವಾಲ್ಟರ್ ಬೆನ್ನು ತಟ್ಟಿದ. ಕರಬಸಪ್ಪನವರಿಗೆ ಖುಷಿಯೂ ಆಗಲಿಲ್ಲ, ಪಾಪವೆಂದೂ ಅನ್ನಿಸಲಿಲ್ಲ. ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು. ಶಕುಂತಲಾ ಬಿಸಿನೀರು ತೋಡಿಕೊಟ್ಟರು.

ಆ ಶರತ್ಕಾಲದಲ್ಲಿ ಬಾತುಕೋಳಿ ಬೇಟೆಗೆ ಸೀಸದ ಚರೆ ಬಳಸಬಾರದೆಂಬ ಕಾನೂನು ಬಂತು; ಕಾಗೆಗೆ ಆ ನಿರ್ಬಂಧವಿರಲಿಲ್ಲ. ಈ ಹಳೇ ನಳಿಗೆ ಉಕ್ಕಿನ ಚರೆ ತಡೆಯುವುದಿಲ್ಲ, ತುದಿ ಕೊರೆದು ಅಗಲ ಮಾಡಿಕೊಡುತ್ತೇನೆಂದ ಬಂದೂಕಿನ ಅಂಗಡಿಯವನು.

"ಬೇಡ," ಎಂದ ವಾಲ್ಟರ್. "ಬಾತು ಬದುಕಿಕೊಳ್ಳಲಿ. ನಮಗೆ ಕಾಗೆ ಸಾಕು."

ಹೀಗೆ ಐದು ವಸಂತ ಕಳೆದವು. ಮರಿಗಳು ಕಣ್ಣು ಕಳೆದುಕೊಳ್ಳುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ೨೦೦೩ರ ಕೊನೆಗೆ ವಾಲ್ಟರನ ಕಾಲೂ ಸೋತು, ಕುರಿಗಳನ್ನು ಮಾರಿದ. ಬಂದೂಕನ್ನು ಕೇಳುವವರಿರಲಿಲ್ಲ. "ನೀನೇ ಇಟ್ಟುಕೋ," ಎಂದ.

"ಕಾಗೆ ನಿನ್ನ ಹೊಲದವು, ಬಂದೂಕೂ ನಿಂದೇ. ನಾನು ಬರೀ ಕೂಲಿಯವ," ಎಂದರು ಕರಬಸಪ್ಪ.

ಲೈಸೆನ್ಸ್ ನವೀಕರಣದ ಅರ್ಜಿ ಬಂದಾಗ ಅವರು ತುಂಬಲಿಲ್ಲ. ವಾಲ್ಟರ್ ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸುವ ದಿನ ಜೊತೆಗೆ ಹೋದರು. ಆಮೇಲೆ ಇಬ್ಬರೂ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಚಹಾ ಕುಡಿಯುತ್ತ, ಎರಡು ಬಸ್ಸು ಬಂದರೂ ಏಳದೆ ಕೂತಿದ್ದರು.