ಕೆಂಚನ ಗವಿಯಲ್ಲಿ ನಾನು ಕಂಡದ್ದು

ಹರಳೆಣ್ಣೆ ದೀಪ ಉರಿದು ಕಪ್ಪು ಕಟ್ಟುವ ವಾಸನೆ ಈಗಿನ ಮನೆಗಳಲ್ಲಿ ಸಿಗುವುದಿಲ್ಲ. ಸ್ವಲ್ಪ ಕಮಟು, ಸ್ವಲ್ಪ ಸಿಹಿ, ಗಂಟಲಿನ ಹಿಂದೆ ಹೋಗಿ ಕೂರುವ ವಾಸನೆ ಅದು. ಹೋದ ತಿಂಗಳು ಚಂದ್ರಾ ಲೇಔಟಿನ ತಮ್ಮನ ಮನೆಗೆ ಹೋದಾಗ ಮೆಟ್ಟಿಲ ಮೇಲೆಯೇ ಮೂಗಿಗೆ ಬಡಿಯಿತು. ಅವನ ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಕಾಡಿಗೆ ಹಚ್ಚಬೇಡಿ ಎಂದು ಡಾಕ್ಟರು ಹೇಳಿದ್ದರೂ ತಮ್ಮನ ಹೆಂಡತಿ ಕೇಳುವವಳಲ್ಲ. ಕಣ್ಣಿಗಲ್ಲ, ಕೆನ್ನೆಗೊಂದು ದೃಷ್ಟಿಬೊಟ್ಟು ಅಷ್ಟೇ ಎಂದು ಅಡುಗೆಮನೆಯ ಮೂಲೆಯಲ್ಲಿ ದೀಪ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿದ್ದಳು. “ಕೂತ್ಕೊಳ್ಳಿ ಅಕ್ಕ, ಕಾಫಿ ತರ್ತೀನಿ” ಎಂದಳು. ನನಗೆ ಕೂರಲು ಆಗಲಿಲ್ಲ. ಕೆಳಗಿಳಿದು ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಕಂಬಕ್ಕೆ ಒರಗಿ ನಿಂತೆ. ಈ ನಾಲ್ಕಂತಸ್ತಿನ ಕಟ್ಟಡ ಏಳುವ ಮೊದಲು ಇಲ್ಲಿ ನಮ್ಮ ಹೆಂಚಿನ ಮನೆ ಇತ್ತು. ಆ ಕಂಬ ಇರುವ ಕಡೆ ನಡುಮನೆ, ಅದರ ಗೋಡೆಗೆ ಹೊಂದಿಕೊಂಡಂತೆ ಚಿಕ್ಕಪ್ಪನ ಮಂಚ.

ಇಂಥ ಮನೆ ಕಳೆದುಕೊಂಡವರು ನಿಮ್ಮಲ್ಲೂ ಇರುತ್ತಾರೆ, ಹಾಗಾಗಿ ಹೆಚ್ಚು ವಿವರಿಸಬೇಕಾಗಿಲ್ಲ. ಕತ್ತಲೆ ನಡುಮನೆ, ಹೊಗೆ ಹಿಡಿದ ಅಟ್ಟ, ಬೇಯುವ ಹುರುಳಿಯ ಘಮ, ಹೊರಗೆ ಜಗಲಿಯ ಮೇಲೆ ಎಲೆಅಡಿಕೆ ಕುಟ್ಟುವ ಅಜ್ಜಿ. ಲೇಔಟಿಗೆಂದು ಅಳತೆಯ ಕಲ್ಲು ನೆಟ್ಟ ವರ್ಷ ನನಗೆ ಎಂಟು. ನಮ್ಮ ರಾಗಿ ಹೊಲಗಳೆಲ್ಲ ಸೈಟುಗಳಾದವು. ಅಪ್ಪ ಬಾಪೂಜಿ ನಗರದ ಮರದ ಮಿಲ್ಲೊಂದರಲ್ಲಿ ಕೆಲಸ ಹಿಡಿದ. ಅವನ ತಮ್ಮ, ನನ್ನ ಚಿಕ್ಕಪ್ಪ, ನೇಗಿಲು ಹಿಡಿಯುವುದೊಂದನ್ನು ಬಿಟ್ಟು ಬೇರೇನೂ ಬಾರದವನು. ಎತ್ತು ಮಾರಿದ ಮೇಲೂ ಬೆಳಿಗ್ಗೆ ಎದ್ದು ಖಾಲಿ ಕೊಟ್ಟಿಗೆಯನ್ನು ಗುಡಿಸುತ್ತಿದ್ದ. ಇನ್ನು ನಾನು, ಕಾಲು ಮುಂದಾಗಿ ಹುಟ್ಟಿದವಳು. ಆಗ ಅದಕ್ಕೊಂದು ಬೆಲೆ ಇತ್ತು. ಸೊಂಟ ಹಿಡಿದುಕೊಂಡವರು ಬಂದು ನಮ್ಮ ಜಗಲಿಯ ಮೇಲೆ ಬೋರಲು ಮಲಗಿದರೆ ನಾನು ಬಲಗಾಲಿನಿಂದ ಮೂರು ಸಲ ಮೆಲ್ಲಗೆ ತುಳಿಯಬೇಕು. ವಾಸಿಯಾದವರು ಕಡಲೆಪುರಿ ತಂದುಕೊಡುತ್ತಿದ್ದರು, ಆಗದವರು ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ಅಂಥ ಮಕ್ಕಳ ಕಣ್ಣಿಗೆ ಅಂಜನ ಹಾಕಿ ನೋಡಿದರೆ ನೆಲದೊಳಗೆ ಹೂತದ್ದು ಕಾಣುತ್ತದೆ ಎಂಬ ಮಾತೂ ಇತ್ತು. ಅದನ್ನು ಚಿಕ್ಕಪ್ಪನ ಕಿವಿಗೆ ಯಾರು ಹಾಕಿದರೋ ಗೊತ್ತಿಲ್ಲ.

ಮನೆಯಿಂದ ಅರ್ಧ ಗಂಟೆ ನಡೆದರೆ ಬಂಡೆಗಳ ಒಂದು ಗುಡ್ಡ, ಅದರ ಹಿಂಬದಿಗೆ ಕೆಂಚನ ಗವಿ. ಕೆಂಚ ಯಾವ ಕಾಲದವನೋ. ಮೈಸೂರು ರಸ್ತೆಯಲ್ಲಿ ಸಂತೆಗೆ ಹೋಗುವ ಗಾಡಿಗಳನ್ನು ಅಡ್ಡಗಟ್ಟಿ ದೋಚುತ್ತಿದ್ದನಂತೆ, ದೋಚಿದ್ದನ್ನು ಕೊಪ್ಪರಿಗೆಗೆ ತುಂಬಿ ಗವಿಯಲ್ಲಿ ಹೂತಿಟ್ಟು ಸತ್ತನಂತೆ. ಒಂದು ಭಾನುವಾರ ಚಿಕ್ಕಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಲ್ಲಿಗೆ ಹೋದ. ಲಂಟಾನ ಪೊದೆ ಸರಿಸಿ ಬಗ್ಗಿ ಒಳಗೆ ಹೋದರೆ ಬಾವಲಿಯ ಗಬ್ಬು, ನೆತ್ತಿಯ ಕಲ್ಲಿಗೆ ಹಳೆಯ ಮಸಿ, ನೆಲದ ಬಂಡೆಯಲ್ಲಿ ಕಡೆದ ಒಂದು ಒರಳು. ಕಳ್ಳರೂ ಖಾರ ಅರೆದುಕೊಂಡು ಉಂಡಿದ್ದಾರೆ ಎಂದು ತಿಳಿದು ನನಗೆ ನಗು ಬಂತು. ಚಿಕ್ಕಪ್ಪ ನಗಲಿಲ್ಲ, ಗೋಡೆಗೆ ಕಿವಿಯಿಟ್ಟು ಅಲ್ಲಲ್ಲಿ ತಟ್ಟಿ ನೋಡುತ್ತಿದ್ದ. ಮನೆಗೆ ಬಂದ ಮೇಲೆ ಅಜ್ಜಿಗೆ ವಿಷಯ ತಿಳಿಯಿತು. “ಕಂಡೋರ ಹೆಂಡ್ತೀರ ತಾಳಿ ಕಿತ್ಕೊಂಡಿದ್ದು ಕಣೋ ಅದು. ನಮ್ಮನೆಗೆ ಬ್ಯಾಡ” ಎಂದಳು. “ಒಂದೆಕ್ರೆ ಹೊಲ ತಗೊಳ್ಳೋಷ್ಟು ಸಿಕ್ರೆ ಸಾಕು ಕಣವ್ವ. ಮಿಕ್ಕಿದ್ದು ಗುಡಿಗೆ ಹಾಕ್ಬಿಡ್ತೀನಿ” ಎಂದು ಚಿಕ್ಕಪ್ಪ ತಲೆ ತಗ್ಗಿಸಿಯೇ ಹೇಳಿದ.

ಅಜ್ಜಿ ಸಂತೆಗೆ ಹೋದ ದಿನ ಅವನು ಕೆಂಗೇರಿ ಕಡೆಯಿಂದ ಅಂಜನ ಹಾಕುವ ಮುದುಕನೊಬ್ಬನನ್ನು ಕರೆತಂದ. ಕೊಟ್ಟಿಗೆಯಲ್ಲಿ ನನ್ನನ್ನು ಮಣೆಯ ಮೇಲೆ ಕೂರಿಸಿದರು. ತೊಟ್ಟಿಲಲ್ಲಿದ್ದ ತಮ್ಮನಿಗೆಂದು ಅಜ್ಜಿ ಹಿಡಿದಿಟ್ಟಿದ್ದ ಕಾಡಿಗೆಯನ್ನೇ ಕದ್ದು, ಹರಳೆಣ್ಣೆಯಲ್ಲಿ ಕಲಸಿ, ವೀಳ್ಯದೆಲೆಗೆ ಮಿರಿಮಿರಿ ಬಳಿದು ನನ್ನ ಕೈಗಿಟ್ಟರು. ರೆಪ್ಪೆ ಮಿಟುಕಿಸದೆ ಅದನ್ನೇ ನೋಡಬೇಕು. “ಕಸ ಗುಡ್ಸೋನು ಬಂದ್ನೇನವ್ವ?” ಎಂದು ಮುದುಕ ಕೇಳಿದ. ಮೊದಲು ಕಸ ಗುಡಿಸುವವನು, ಆಮೇಲೆ ನೀರು ಚಿಮುಕಿಸುವವನು, ಕೊನೆಗೆ ಆಂಜನೇಯಸ್ವಾಮಿ ಬಂದು ಜಾಗ ತೋರಿಸುವುದು ಕ್ರಮವಂತೆ. ನನಗೆ ಯಾರೂ ಕಾಣಲಿಲ್ಲ. ಆ ಕಪ್ಪಿನಲ್ಲಿ ನನ್ನದೇ ಮೂಗು, ನನ್ನ ಹೆಗಲ ಹಿಂದೆ ಬಗ್ಗಿ ನಿಂತ ಚಿಕ್ಕಪ್ಪನ ಮುಖ. ಅವನು ಉಸಿರು ಕಟ್ಟಿಕೊಂಡು ನಿಂತಿದ್ದ. ಎತ್ತು ಹೋದ ಮೇಲೆ ಆ ಮುಖದಲ್ಲಿ ಅಷ್ಟು ಆಸೆಯನ್ನು ನಾನು ನೋಡಿರಲಿಲ್ಲ. ಬಂದ ಎಂದೆ. ಎಲೆಯೊಳಗೆ ಅವನ ಮುಖ ಅರಳಿತು. ಅದನ್ನು ಇನ್ನಷ್ಟು ನೋಡಬೇಕೆನಿಸಿ ನೀರಿನವನೂ ಬಂದ ಎಂದೆ, ಸ್ವಾಮಿಯೂ ಬಂದ ಎಂದೆ. ಜಾಗ ಎಲ್ಲಿ ಎಂದಾಗ ನೆನಪಿಗೆ ಬಂದದ್ದು ಆ ಒರಳು. “ಒರಳು ಐತಲ್ಲ, ಅದರ ಪಕ್ಕ ಓರೆ ಬಂಡೆ. ಅದ್ರ ಕೆಳ್ಗೆ” ಎಂದೆ.

ಹನ್ನೊಂದು ದಿನ ಅಗೆದ. ದಿನಾ ಮಧ್ಯಾಹ್ನ ಮುದ್ದೆ, ಉಪ್ಸಾರು ಹೊತ್ತುಕೊಂಡು ಹೋಗುವುದು ನನ್ನ ಪಾಲಿಗೆ ಬಂತು. ಗುಂಡಿಯೊಳಗಿಂದ ಮಣ್ಣು ಮೆತ್ತಿದ ಮುಖ ಮೇಲೆತ್ತಿ “ಇನ್ನೇನು ಬಂತು ಕಣೇ” ಎನ್ನುತ್ತಿದ್ದ. ಸುಳ್ಳು ಹೇಳಿದೆ ಎನ್ನಲು ದಿನಾ ಬಾಯಿ ತೆರೆಯುತ್ತಿದ್ದೆ, ಅವನು ಹಸಿವಿನಿಂದ ಗಬಗಬ ಉಣ್ಣುವುದನ್ನು ನೋಡಿ ಮುಚ್ಚಿಕೊಳ್ಳುತ್ತಿದ್ದೆ. ಹನ್ನೆರಡನೆಯ ದಿನ ನಾನು ಹೋಗುವಷ್ಟರಲ್ಲಿ ಗವಿಯ ಬಾಯಿಂದ ಧೂಳು ಬರುತ್ತಿತ್ತು. ಬುಡ ಕಳಚಿಕೊಂಡ ಓರೆ ಬಂಡೆ ಅವನ ಸೊಂಟದ ಮೇಲೆ ಒರಗಿತ್ತು. ಬುತ್ತಿ ಎಸೆದು ಊರಿಗೆ ಓಡಿದೆ. ಜನ ಹಾರೆ ತಂದು ಬಂಡೆ ಎತ್ತಿದರು. ಜೀವ ಉಳಿಯಿತು. ಆದರೆ ಸೊಂಟದಿಂದ ಕೆಳಗೆ ಇನ್ನು ಯಾವತ್ತೂ ಏನೂ ತಿಳಿಯುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದರು.

ಅಜ್ಜಿ ಯಾರನ್ನೂ ಬೈಯಲಿಲ್ಲ. ನನ್ನನ್ನು ಕರೆದು “ದಿನಾ ಸಾಯಂಕಾಲ ಅವನ ಸೊಂಟ ತುಳಿಯವ್ವ. ಎಷ್ಟೋ ಜನಕ್ಕೆ ವಾಸಿಯಾಗಿಲ್ವಾ” ಎಂದಳು ಅಷ್ಟೇ. ನಾಲ್ಕು ವರ್ಷ ತುಳಿದೆ. ಅವನನ್ನು ಬೋರಲು ಮಲಗಿಸುವರು, ನಾನು ಮಂಚದ ಅಂಚು ಹಿಡಿದು ಬಲಗಾಲು ಇಡುವೆ. ಅವನ ಸೊಂಟ ಸದಾ ತಣ್ಣಗಿರುತ್ತಿತ್ತು. ಅವನು ಗೋಡೆಯ ಕಡೆ ಮುಖ ಮಾಡಿ “ಇನ್ನೊಂದು ಮೊಳ ಇತ್ತು ಕಣವ್ವ, ಅಷ್ಟೇ” ಎನ್ನುವನು. ಕೊನೆಯ ವರ್ಷ ಗುಡ್ಡವನ್ನೇ ಸಿಡಿಸತೊಡಗಿದರು. ಲೇಔಟಿನ ಮನೆಗಳಿಗೆ ಕಲ್ಲು ಬೇಕಿತ್ತು. ಒಂದೊಂದು ಸಿಡಿತಕ್ಕೂ ನಮ್ಮ ಹೆಂಚು ಅದುರುತ್ತಿತ್ತು, ನೋಡಿಕೊಂಡು ಬಾ ಎಂದು ಅವನು ನನ್ನನ್ನು ಅಟ್ಟುತ್ತಿದ್ದ. ಗವಿ ಹೋಯಿತು, ಒರಳು ಹೋಯಿತು, ಏನೂ ಸಿಗಲಿಲ್ಲ ಎಂದು ಬಂದು ಹೇಳಿದೆ. “ನಿಧಿ ಒಂದ್ಕಡೆ ಇರಲ್ಲ, ಜರುಗ್ಕೊಂಡು ಹೋಗುತ್ತೆ. ನಿನ್ ಕಣ್ಣು ಸುಳ್ಳು ಹೇಳುತ್ತಾ?” ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನಂಬಿಕೆ ತಡೆಯಲಾಗಲಿಲ್ಲ.

ಅವನು ತೀರಿಹೋಗುವುದಕ್ಕೆ ಹದಿನೈದು ದಿನ ಮೊದಲು, ದೀಪ ಹಚ್ಚುವ ಹೊತ್ತಿನಲ್ಲಿ, ಎಂದಿನಂತೆ ಅವನ ಸೊಂಟದ ಮೇಲೆ ಕಾಲಿಟ್ಟು ನಿಂತಿದ್ದೆ. ನನಗೆ ಹನ್ನೆರಡು ವರ್ಷ. ಒಳಗೆ ಅಮ್ಮ ಮುದ್ದೆ ತಿರುವುತ್ತಿದ್ದ ಸದ್ದು ಬರುತ್ತಿತ್ತು. “ಚಿಕ್ಕಪ್ಪ, ಅವತ್ತು ಎಲೆ ಮೇಲೆ ನಂಗೇನೂ ಕಾಣ್ಲಿಲ್ಲ. ನಿನ್ ಮುಖ ಬಿಟ್ಟು ಏನೂ ಕಾಣ್ಲಿಲ್ಲ” ಎಂದೆ. ಅವನು ಗೋಡೆಯ ಕಡೆಗೇ ನೋಡುತ್ತಿದ್ದ. ಇನ್ನು ನನ್ನನ್ನು ಹತ್ತಿರ ಸೇರಿಸುವುದಿಲ್ಲ ಎಂದುಕೊಂಡು ಮೆಲ್ಲಗೆ ಕಾಲು ಎತ್ತಿದೆ. ಅವನ ಸೊಂಟಕ್ಕೆ ಅದು ತಿಳಿಯುವ ಹಾಗಿರಲಿಲ್ಲ. ಮಂಚ ಕಿರುಗುಟ್ಟಿದ್ದು ಕೇಳಿಸಿರಬೇಕು.

“ಕಾಲು ತೆಗೀಬೇಡ ಕಣವ್ವ” ಎಂದ. “ಹಂಗೇ ಇಟ್ಟಿರು.”

ಅಮ್ಮ ಊಟಕ್ಕೆ ಕರೆಯುವವರೆಗೂ ಇಟ್ಟಿದ್ದೆ.