ಕ್ಯಾಲಿಫೋರ್ನಿಯಾವನ್ನು ಮೆಟ್ಟಿಲೇರಿಸಿದ ದಸರೆ

ಆಗೆಲ್ಲ ಅಮೆರಿಕದ ನಮ್ಮ ಸರಟೋಗಾ ಊರಿನ ಕಡೆ ಗೊಂಬೆ ಹಬ್ಬ ಬಂತೆಂದರೆ ಅಮ್ಮಂದಿರಲ್ಲಿ ಪೈಪೋಟಿಯೋ ಪೈಪೋಟಿ. ಒಬ್ಬೊಬ್ಬರ ಮನೆಯಲ್ಲೂ ಒಂದೊಂದು ಥೀಮು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ, ಮೈಸೂರಿನವಳಾದ ನಮ್ಮಮ್ಮ ಇಡೀ ಕ್ಯಾಲಿಫೋರ್ನಿಯಾವನ್ನೇ ಮೆಟ್ಟಿಲೇರಿಸಲು ಹೊರಟಳು. ಎಲ್ಲಕ್ಕಿಂತ ಕೆಳಗೆ ಸ್ಪ್ಯಾನಿಷ್ ಪಾದ್ರಿಗಳು ಮತಪ್ರಚಾರಕ್ಕೆ ಕಟ್ಟಿದ ಮಿಷನ್ನು, ಅದರ ಮೇಲೆ ಚಿನ್ನ ಅಗೆಯುವವರು, ರೈಲು, ಏಪ್ರಿಕಾಟ್ ತೋಟ, ಆಮೇಲೆ ಕಂಪ್ಯೂಟರ್ ಕಂಪನಿಗಳ ಗಾಜಿನ ಆಫೀಸುಗಳು. ತುತ್ತತುದಿಯಲ್ಲಿ ಮಾತ್ರ ಪಟ್ಟದ ಗೊಂಬೆಗಳು. ಕಂಪನಿ ಎಷ್ಟೇ ದೊಡ್ಡದಾಗಲಿ, ನಮ್ಮಮ್ಮನ ರಾಜ-ರಾಣಿಯರ ಕೆಳಗೇ ಇರಬೇಕು!

ಇಕ್ಕಟ್ಟಾದ ಅಪಾರ್ಟ್‌ಮೆಂಟಿನ ತುಂಬ ಗೊಂಬೆ ತೋಟಕ್ಕೆ ಹಾಕಿದ ಒದ್ದೆ ಮಣ್ಣಿನ ವಾಸನೆ, ಕಡಲೆಕಾಳು ಉಸಲಿಯ ಒಗ್ಗರಣೆಯ ಘಮ. ಮಿಷನ್ನಿನ ಮುಂದೆ, ಅಲ್ಲಿ ದುಡಿದ ಮೂಲನಿವಾಸಿಗಳೆಂದು ಅಮ್ಮ ನಿಲ್ಲಿಸಿದ್ದು ನಗುಮುಖದ, ಕೈಮುಗಿದ ಚನ್ನಪಟ್ಟಣದ ಗೊಂಬೆಗಳನ್ನು.

ಲೀನಾಳನ್ನು ನಾನೇ ಕರೆದಿದ್ದೆ. ಸ್ಕೂಲಿನಲ್ಲಿ ನನಗಿದ್ದವಳು ಅವಳೊಬ್ಬಳೇ ಗೆಳತಿ. ಹಿಂದಿನ ಬೀದಿಯ ಹಳೆಯ ಬಾಡಿಗೆ ಮನೆಯಲ್ಲಿ ಅಜ್ಜಿಯ ಜೊತೆಗಿದ್ದಳು. ಮಿಷನ್ನು ಬರುವ ಮೊದಲಿನಿಂದ ಈ ನೆಲದಲ್ಲಿದ್ದ ಓಲೋನಿ ಜನ ಅವರು. ಅವಳು ಬಾಗಿಲಲ್ಲಿ ಕಾಣಿಸಿದ ಮೇಲೆಯೇ ನಾನು ಆ ಗೊಂಬೆಗಳ ಸಾಲನ್ನು ಸರಿಯಾಗಿ ನೋಡಿದ್ದು. ಅವಳಿಗೆ ಕಾಣದಂತೆ ಅಡ್ಡ ನಿಲ್ಲಲು ಹೋದೆ.

ಅಪ್ಪ ಬಂದವರಿಗೆಲ್ಲ ವಿವರಿಸುತ್ತಿದ್ದರು. "ಮೊದ್ಲು ಇಲ್ಲಿ ಏನೂ ಇರ್ಲಿಲ್ಲ ರೀ. ಈಗ ನೋಡಿ, ಎಲ್ಲಿಂದ ಎಲ್ಲಿಗೆ ಬಂತು!" ಲೀನಾಳಿಗೂ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು.

ಲೀನಾ ಮೊಣಕಾಲೂರಿ ಕೂತಳು. "ಇವರೆಲ್ಲ ಯಾಕೆ ನಗುತ್ತಿದ್ದಾರೆ?" ಎಂದು ಇಂಗ್ಲಿಷಿನಲ್ಲೇ ಕೇಳಿದಳು. "ಆ ಮಿಷನ್ನಿನಲ್ಲಿ ನಮ್ಮವರು ತುಂಬ ಜನ ಸತ್ತುಹೋದರು. ಅಜ್ಜಿ ಹೇಳಿದ್ದಾಳೆ" ಎಂದು ಒಂದು ಗೊಂಬೆಯನ್ನು ಮೆಲ್ಲಗೆ ಮಲಗಿಸಿದಳು.

ನಮ್ಮಲ್ಲಿ ಗೊಂಬೆಯನ್ನು ಮಲಗಿಸುವುದು ವಿಜಯದಶಮಿಯಂದು, ಹಬ್ಬ ಮುಗಿಸುವಾಗ ಮಾತ್ರ. "ಅಯ್ಯಯ್ಯೋ, ಅಪಶಕುನ! ಮೊದ್ಲು ಎತ್ತಿ ನಿಲ್ಸು ಸುಮಾ" ಎಂದರು ಅಮ್ಮನಿಗೆ ಪಕ್ಕದ ಮನೆಯ ಗಿರಿಜಾ ಆಂಟಿ. ಅಮ್ಮನ ಕೈ ಮುಂದೆ ಹೋಯಿತು. ಅವಳೇನಾದರೂ ಗದರಿದರೆ ಲೀನಾ ಇನ್ನು ನಮ್ಮ ಮನೆ ಕಡೆ ಸುಳಿಯುವುದಿಲ್ಲ ಎಂದು ನನಗೆ ಅಳುವೇ ಬಂತು.

ಕೈ ಅಲ್ಲೇ ನಿಂತಿತು. "ಇನ್ನೂ ಯಾರ್ಯಾರನ್ನ ಮಲಗಿಸ್ಬೇಕು, ಕೇಳು ಪುಟ್ಟಿ" ಎಂದಳು ಅಮ್ಮ. ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿದ್ದವಳು ಯಾಕೋ ನನ್ನ ಕೈಲಿ ಕೇಳಿಸಿದಳು. ಲೀನಾ ಹೆಚ್ಚುಕಡಿಮೆ ಇಡೀ ಸಾಲನ್ನೇ ಮಲಗಿಸಿದಳು. ಆಂಟಿಯರು ಕುಂಕುಮ ತೆಗೆದುಕೊಂಡು ಗಡಿಬಿಡಿಯಲ್ಲಿ ಹೊರಟರು. ಅಮ್ಮ ಲೀನಾಳಿಗೆ ಉಸಲಿ ಕೊಟ್ಟು, ಅವಳ ಅಜ್ಜಿಗೂ ಕಟ್ಟಿಕೊಟ್ಟಳು. ಮರುದಿನವೂ ಲೀನಾ ಆಡಲು ಬಂದಳು. ನನ್ನ ಜೀವ ತಣ್ಣಗಾಯಿತು.

ಮುಂದಿನ ಬೇಸಿಗೆಯಲ್ಲಿ ಅವಳಿದ್ದ ಮನೆ ಮಾರಾಟಕ್ಕೆ ಬಂತು. ಕೊಂಡವರು ನಾವು.

"ನಾವು ಬಿಟ್ರೆ ಇನ್ನೊಬ್ರು ತಗೋತಾರೆ ಕಣೇ" ಎಂದರು ಅಪ್ಪ. ಅಮ್ಮ ಬೇಡ ಎನ್ನಲಿಲ್ಲ. ಲೀನಾ, ಅವಳ ಅಜ್ಜಿ ಬಾಡಿಗೆ ಕಡಿಮೆಯಿದ್ದ ದೂರದ ಊರಿಗೆ ಹೋದರು. ಹೊರಡುವಾಗ ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅಮೆರಿಕದಲ್ಲಿ ನಮ್ಮ ಮೊದಲ ಸ್ವಂತ ಮನೆ ಅದು. ಅದರ ಈಗಿನ ಬೆಲೆ ಹೇಳಿದರೆ ಮೈಸೂರಿನ ನೆಂಟರು ನಂಬುವುದಿಲ್ಲ. ನನಗೆ ಸಿಕ್ಕಿದ್ದು ಲೀನಾಳ ಕೋಣೆಯೇ. ಅಲ್ಲೇ ಓದಿದೆ, ಅಲ್ಲೇ ದೊಡ್ಡವಳಾದೆ. ಅಂಥ ಗೆಳತಿ ಮತ್ತೆ ಸಿಗಲಿಲ್ಲ. ಪ್ರತಿ ದಸರೆಗೂ ಎಷ್ಟೋ ಜನರನ್ನು ಕರೆಯುತ್ತೇವೆ. ಅವಳನ್ನು ಮಾತ್ರ ಕರೆಯಲು ಬಾಯಿ ಬರುವುದಿಲ್ಲ. ಅವಳ ಮನೆಗೆ ಅವಳನ್ನೇ ಹೇಗೆ ಕರೆಯಲಿ?