ಈಳಿಗೆಮಣೆಯ ಮೇಲಿನ ಪಾದ

ತೀರಿಕೊಂಡ ಅವ್ವನ ಈಳಿಗೆಮಣೆಯ ಅಲಗು ಬಿಚ್ಚಿ, ಸೋದರಮಾವ ಅದರ ಹಲಗೆಗೆ ಕಪ್ಪು ಮಸಿ ಬಳಿಯುತ್ತಿದ್ದರು. ದೇಶ ದೇಶ ತಿರುಗಿ, ಚಿತ್ರ ಬರೆದು, ಮರದ ಅಚ್ಚು ಕೊರೆದು ಹೆಸರು ಮಾಡಿದವರು ಸಿರುಗುಪ್ಪದ ನಮ್ಮ ಮನೆಗೆ ಬಂದಿದ್ದರು.

"ಮಾಮಾ, ನಾ ಇನ್ನೂ ಅದರಾಗ ಕಾಯಿಪಲ್ಲೆ ಹೆಚ್ಚತೀನ್ರಿ" ಎಂದೆ.

ಅವರು ಹಲಗೆಯ ಮೇಲೆ ಹಾಳೆ ಹಾಸಿ, ಚಮಚದ ಬೆನ್ನಿನಿಂದ ತಿಕ್ಕಿ, ಮೆಲ್ಲಗೆ ಎತ್ತಿದರು. ಕಪ್ಪಿನ ನಡುವೆ ಒಂದು ಬಿಳಿ ಪಾದ ಮೂಡಿತ್ತು. ಅವ್ವ ವರ್ಷಗಟ್ಟಲೆ ಕಾಲೂರಿ ಸವೆಸಿದ ತಗ್ಗಿಗೆ ಮಸಿ ಹತ್ತಿರಲಿಲ್ಲ.

"ನಾ ಊರೂರು ತಿರುಗಿ ಅಚ್ಚು ಕೊರದೆ. ಅಕ್ಕ ಕುಂತಲ್ಲೇ ಕೊರದಾಳ ನೋಡವ್ವ" ಎಂದು ಮಾವ ಆ ಬಿಳುಪನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ತೊಳೆದರೂ ಮಣೆಯ ಮಸಿ ಪೂರ್ತಿ ಹೋಗಿಲ್ಲ. ಬದನೆಕಾಯಿ ಹೆಚ್ಚಲು ಕೂತಾಗ ಅವ್ವನ ಪಾದವಷ್ಟೇ ಮರದ ಬಣ್ಣದಲ್ಲಿ ಕಾಣುತ್ತದೆ. ನನ್ನ ಕಾಲಿಗೆ ಅದರ ಪಕ್ಕದಲ್ಲಿ ಜಾಗ ಮಾಡಿಕೊಳ್ಳುತ್ತೇನೆ.